ಅಪ್ಪಂದಿರು ಮಾಡುವ ಪ್ರಾರ್ಥನೆ

ರಾಗಿಮುದ್ದೆಗೆ ಕಾಯುವ ಗುಣವಿಲ್ಲ. ಅನ್ನ ಆರಿದರೂ ಅನ್ನವೇ, ಚಪಾತಿ ತಣ್ಣಗಾದರೆ ಹಲ್ಲಿಗೆ ಒಂದಿಷ್ಟು ಕೆಲಸ ಹೆಚ್ಚು, ಅಷ್ಟೆ. ಮುದ್ದೆ ಮಾತ್ರ ತಟ್ಟೆಗೆ ಬಿದ್ದ ಗಳಿಗೆಯಿಂದಲೇ ಆಯುಷ್ಯ ಕಳೆದುಕೊಳ್ಳುತ್ತಾ, ಹತ್ತು ನಿಮಿಷದಲ್ಲಿ ಮೈಮೇಲೆ ಪೊರೆ ಕಟ್ಟಿಕೊಂಡು, ಬೆರಳಿಗೂ ಬಗ್ಗದೆ ಗಂಟಲಿಗೂ ಇಳಿಯದೆ ಕೂತುಬಿಡುತ್ತದೆ. ತುಮಕೂರು ಸೀಮೆಯಲ್ಲೇ ಹುಟ್ಟಿ ಬೆಳೆದೂ ಮದುವೆಯಾಗುವವರೆಗೆ ನಾನು ಬಿಸಿ ಮುದ್ದೆ ಉಂಡವನಲ್ಲ ಎಂದರೆ ನೀವು ನಗಬಹುದು. ಇದಕ್ಕೆ ಕಾರಣ ಬಡತನವಲ್ಲ, ಭಕ್ತಿ. ಗುಬ್ಬಿಯ ನಮ್ಮ ಮನೆಯಲ್ಲಿ ಅಮ್ಮ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಸೆರಗು ತಲೆಗೆ ಹೊದ್ದುಕೊಂಡ ಮೇಲೆಯೇ ನಮ್ಮಪ್ಪ ಪ್ರಾರ್ಥನೆಗೆ ಕಣ್ಣು ಮುಚ್ಚುತ್ತಿದ್ದರು. ಅವರು ಮತ್ತೆ ಯಾವಾಗ ಕಣ್ಣು ತೆರೆಯುತ್ತಾರೆ ಎಂಬುದು ಅವರಿಗೂ ಭಗವಂತನಿಗೂ ಬಿಟ್ಟ ವಿಷಯ.

ಅಪ್ಪ ನಮ್ಮ ಚರ್ಚಿನ ಸಭೆಯ ಉಪದೇಶಿ. ಎಂದರೆ, ನಮ್ಮವರು ಅಯ್ಯನವರು ಎಂದು ಕರೆಯುವ ಸಭಾಪಾಲಕರು ಬೇರೆ ಊರಿಗೆ ಹೋದ ಭಾನುವಾರಗಳಲ್ಲಿ ಅವರ ಬದಲು ಆರಾಧನೆ ನಡೆಸುವವರು. ಅವರ ಪ್ರಾರ್ಥನೆ ದೇಶದ ಪ್ರಧಾನಿಯಿಂದ ಹೊರಟು, ಮಳೆ ಬೆಳೆಗಳನ್ನು ಹಾದು, ಆಸ್ಪತ್ರೆಯ ರೋಗಿಗಳನ್ನೂ ಸೆರೆಮನೆಯ ಕೈದಿಗಳನ್ನೂ ಮಾತಾಡಿಸಿಕೊಂಡು, ಲೋಕಸಂಚಾರವೆಲ್ಲ ಮುಗಿಸಿ ಕೊನೆಗೆ ನಮ್ಮ ತಟ್ಟೆಗಳ ಮುಂದೆ ಬಂದು ನಿಲ್ಲುತ್ತಿತ್ತು. ಅಲ್ಲಿಗೆ ಬಂದಾಗ ದನಿ ತಗ್ಗುತ್ತಿತ್ತು. "ಕರ್ತನೇ, ಈ ನಿನ್ನ ಮಗನು ಗಣಿತದಲ್ಲಿ ಹನ್ನೊಂದು ಅಂಕ ತೆಗೆದುಕೊಂಡು, ಪೇಪರನ್ನು ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದಾನೆ. ಇವನಿಗೆ ಸತ್ಯವನ್ನು ಹೇಳುವ ಬುದ್ಧಿಯನ್ನು ದಯಪಾಲಿಸು."

ಯೋಚಿಸಿ ನೋಡಿ, ಇದರಷ್ಟು ಭದ್ರವಾದ ಬೈಗುಳ ಇನ್ನೊಂದಿಲ್ಲ. ಪಕ್ಕದ ಮನೆಯ ನನ್ನ ಗೆಳೆಯನನ್ನು ಅವರಪ್ಪ ಚಪ್ಪಲಿ ಹಿಡಿದು ಬೀದಿಯುದ್ದಕ್ಕೂ ಅಟ್ಟಾಡಿಸುತ್ತಿದ್ದರು. ಅವನು ಓಡಬಹುದಿತ್ತು, ಎದುರು ಮಾತಾಡಬಹುದಿತ್ತು, ಅಜ್ಜಿಯ ಹಿಂದೆ ಅಡಗಬಹುದಿತ್ತು. ನಮಗೆ ಆ ಭಾಗ್ಯವಿರಲಿಲ್ಲ. ಪ್ರಾರ್ಥನೆಯ ನಡುವೆ ಬಾಯಿ ಹಾಕುವಂತಿಲ್ಲ, ಎದ್ದು ಹೋಗುವಂತಿಲ್ಲ, ಬೈಯುತ್ತಿರುವವರು ನಮಗೆ ಬೈಯುತ್ತಿದ್ದಾರೆ ಎಂದು ಹೇಳುವಂತೆಯೂ ಇಲ್ಲ, ಅವರು ಮಾತಾಡುತ್ತಿರುವುದು ದೇವರ ಜೊತೆ! ಕೊನೆಗೆ ಬೈಸಿಕೊಂಡವನೇ ಗಟ್ಟಿಯಾಗಿ "ಆಮೆನ್" ಎಂದು ಒಪ್ಪಿಗೆ ಕೊಡಬೇಕು. ನಾನು ನನ್ನ ಮಕ್ಕಳಿಗೆ ಇಂಥದ್ದನ್ನು ಮಾಡಲಾರೆ ಎಂದು ಹನ್ನೆರಡನೆಯ ವಯಸ್ಸಿನಲ್ಲಿ ಶಪಥ ಮಾಡಿದ್ದೆ.

ಶಪಥಗಳ ಗತಿ ನಿಮಗೂ ಗೊತ್ತು. ತೊಂಬತ್ತರ ದಶಕದ ಹೊತ್ತಿಗೆ ನಾನು ತುಮಕೂರಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಸದಾಶಿವನಗರದಲ್ಲಿ ಬಾಡಿಗೆ ಮನೆ, ಹೆಂಡತಿ ಸುಗುಣ, ಒಬ್ಬಳೇ ಮಗಳು ಶೀಲಾ. ನಾನು ತಂದ ಸುಧಾರಣೆ ಒಂದೇ: ಪ್ರಾರ್ಥನೆ ಮೊದಲು, ಬಡಿಸುವುದು ಆಮೇಲೆ. ಮುದ್ದೆ ಬಿಸಿಯಾಗಿ ಸಿಕ್ಕಿತು, ಪ್ರಾರ್ಥನೆ ಅಪ್ಪನದೇ ಉಳಿಯಿತು. ಮಗುವಿನ ವಿಶ್ವಾಸಕ್ಕೆ ತಂದೆಯೇ ಹೊಣೆ, ತಂದೆಯೇ ಮನೆಯ ಯಾಜಕ ಎಂದು ಸಭೆಯಲ್ಲಿ ಹೇಳಿದ್ದನ್ನು ನಾನು ಇಲಾಖೆಯ ಸುತ್ತೋಲೆಯಷ್ಟೇ ಶ್ರದ್ಧೆಯಿಂದ ತಲೆಯ ಮೇಲೆ ಹೊತ್ತುಕೊಂಡಿದ್ದೆ. ಶೀಲಾ ಆರು ವರ್ಷಕ್ಕೇ ಬೈಬಲ್ಲಿನ ಇಡಿಯಿಡೀ ಕೀರ್ತನೆಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದಳು. ಸಂಡೇ ಸ್ಕೂಲಿನ ಬಹುಮಾನದ ಸ್ಟೀಲ್ ಲೋಟಗಳಿಗೆ ನಮ್ಮ ಶೆಲ್ಫಿನಲ್ಲಿ ಜಾಗ ಸಾಲುತ್ತಿರಲಿಲ್ಲ. ಅವಳಿಗೇ ಸಲ್ಲಬೇಕಾದ ಮೆಚ್ಚುಗೆಯಲ್ಲಿ ಮುಕ್ಕಾಲು ಪಾಲು ನಾನೇ ತಿಂದು ತೇಗುತ್ತಿದ್ದೆ.

ಅವಳಿಗೆ ಹದಿನಾರು ತುಂಬಿದ ವರ್ಷ ಕನ್ಫರ್ಮೇಶನ್ ಕ್ಲಾಸು ಶುರುವಾಯಿತು. ಅದು ಮುಗಿದ ಮೇಲೆ ಸಭೆಯ ಮುಂದೆ ತನ್ನ ವಿಶ್ವಾಸವನ್ನು ತಾನೇ ಒಪ್ಪಿಕೊಂಡು ಪೂರ್ಣ ಸದಸ್ಯಳಾಗುವುದು ಕ್ರಮ. ಒಂದು ಸಾಯಂಕಾಲ ಅವಳನ್ನು ಕ್ಲಾಸಿನಿಂದ ಕರೆತರುವಾಗ ಶಿರಾ ಗೇಟ್ ಹತ್ತಿರ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದ, ಲಾರಿಗಳ ಸದ್ದಿನಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುತ್ತಿರಲಿಲ್ಲ, ಬಹುಶಃ ಅದೇ ಧೈರ್ಯದಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: "ಅಪ್ಪಾ, ಬೈಬಾರ್ದು. ಪ್ರಾರ್ಥನೆ ಮಾಡ್ವಾಗ ಆ ಕಡೆ ಯಾರೂ ಕೇಳಿಸ್ಕೊಳ್ತಿಲ್ಲ ಅನ್ಸುತ್ತೆ. ನಿಮಗೆ ಯಾವತ್ತಾದ್ರೂ ಹಂಗನ್ಸಿದ್ಯಾ?"

ಅನಿಸಿತ್ತು, ಸ್ವಾಮಿ. ಒಂದು ಸಲವಲ್ಲ, ನೂರು ಸಲ. ಅಮ್ಮ ತೀರಿಕೊಂಡಾಗ ಆರು ತಿಂಗಳು ನಾನು ಗೋಡೆಗೆ ಮಾತಾಡಿದ್ದೆ. ಅದನ್ನು ಅವಳಿಗೆ ಹೇಳಿದ್ದರೆ ಒಬ್ಬ ತಂದೆ ತನ್ನ ಮಗಳ ಆತ್ಮಕ್ಕೆ ಮಾಡಬೇಕಾದ ಉಪಕಾರದಲ್ಲಿ ಅರ್ಧ ಅಲ್ಲೇ ಆಗುತ್ತಿತ್ತೋ ಏನೋ. ನನಗೆ ಭಯವಾಯಿತು, ಭಯವಾದ ಮೇಷ್ಟ್ರು ಏನು ಮಾಡುತ್ತಾನೋ ಅದನ್ನೇ ಮಾಡಿದೆ, ಬುದ್ಧಿ ಹೇಳಿದೆ. "ಅದೆಲ್ಲ ಸೈತಾನ ಕೊಡೋ ಯೋಚನೆ ಕಣಮ್ಮಾ, ತಲೆಗೆ ಹಚ್ಕೋಬೇಡ" ಎಂದು, ಪಂಕ್ಚರ್ ಹಾಕಿಯಾದ ಕೂಡಲೇ ಸ್ಕೂಟರ್ ಸ್ಟಾರ್ಟ್ ಮಾಡಿದೆ.

ಆ ಶುಕ್ರವಾರ ನಮ್ಮ ಮನೆಯಲ್ಲಿ ಕೂಟದ ಪ್ರಾರ್ಥನೆಯ ಸರದಿ. ಇಪ್ಪತ್ತು ಇಪ್ಪತ್ತೈದು ಜನ ಚಾಪೆಯ ಮೇಲೆ ಒತ್ತಾಗಿ ಕೂತಿದ್ದರು. ಹಾಡಾಯಿತು, ಬೈಬಲ್ ವಾಕ್ಯ ಓದಿದ್ದಾಯಿತು, ಅಯ್ಯನವರು ನನಗೆ ಪ್ರಾರ್ಥನೆ ಮಾಡಿ ಎಂದರು, ನಾನು ಕಣ್ಣು ಮುಚ್ಚಿದೆ. ಪ್ರಧಾನಿ, ಮಳೆ, ರೋಗಿಗಳು, ಎಲ್ಲವನ್ನೂ ದಾಟಿಕೊಂಡು ನಾಲಿಗೆ ತಾನಾಗಿ ಅಲ್ಲಿಗೆ ಬಂತು: "ಕರ್ತನೇ, ನನ್ನ ಒಬ್ಬಳೇ ಮಗಳು ನೀನೇ ಇಲ್ಲವೆಂದು ಹೇಳುವ ಸ್ಥಿತಿಗೆ ಬಂದಿದ್ದಾಳೆ. ಈ ಅವಿಶ್ವಾಸದ ಕಟ್ಟಿನಿಂದ ಅವಳನ್ನು ಬಿಡಿಸು." ಅವಳು ಹೇಳಿದ್ದು ಅದಲ್ಲ, ಆದರೆ ಪ್ರಾರ್ಥನೆಗೆ ಒಂದು ಓಟ ಇರುತ್ತದೆ ನೋಡಿ. ಸುತ್ತಲೂ "ಸ್ತೋತ್ರ, ಸ್ತೋತ್ರ" ಎಂಬ ದನಿಗಳೆದ್ದವು, ಯಾರೋ ಹೆಂಗಸರು ಬಿಕ್ಕಿದರು, ನನಗೂ ಕಣ್ಣೀರು ಬಂತು. ಬಂದ ಕಣ್ಣೀರು ಚೆನ್ನಾಗಿದೆ ಎಂದು ಒಳಗೊಳಗೇ ತೃಪ್ತಿಯೂ ಆಯಿತು. ಮುಗಿದ ಮೇಲೆ ಒಬ್ಬೊಬ್ಬರಾಗಿ ಶೀಲಾಳ ತಲೆ ಸವರಿದರು. "ಎಂಥಾ ಭಾರದಿಂದ ಪ್ರಾರ್ಥನೆ ಮಾಡಿದ್ರಿ ಮೇಷ್ಟ್ರೇ" ಎಂದು ಒಬ್ಬ ಹಿರಿಯರು ನನ್ನ ಕೈ ಹಿಡಿದುಕೊಂಡರು. ಶೀಲಾ ಎಲ್ಲರಿಗೂ ಟೀ ಕೊಟ್ಟಳು, ಲೋಟ ತೊಳೆದಿಟ್ಟಳು, ಹೋಗಿ ಮಲಗಿದಳು.

ಮಾರನೆಯ ದಿನದಿಂದ ನಾನು ಏನು ಕೇಳಿದರೂ "ಚೆನ್ನಾಗಿದೀನಿ ಅಪ್ಪಾ" ಎಂಬುದೊಂದೇ ಉತ್ತರ. ಬಿಳಿ ಸೀರೆ ಉಟ್ಟು ಕನ್ಫರ್ಮೇಶನ್ ಪಡೆದಳು, ಕೇಳಿದ ಪ್ರಶ್ನೆಗಳಿಗೆಲ್ಲ ಅಚ್ಚುಕಟ್ಟಾಗಿ ಉತ್ತರ ಹೇಳಿದಳು. ನನ್ನ ಪ್ರಾರ್ಥನೆ ಫಲಿಸಿತೆಂದು ನಾನು ಸಭೆಯಲ್ಲಿ ಸಾಕ್ಷಿ ಬೇರೆ ಕೊಟ್ಟೆ. ಸುಗುಣ ಮಾತ್ರ ಒಮ್ಮೆ, "ಹುಡುಗಿ ಮೊದಲಿನ ಹಂಗಿಲ್ಲ ಕಣ್ರೀ, ನೀವು ಅವತ್ತು ಹಂಗ್ ಮಾಡಬಾರ್ದಿತ್ತು" ಎಂದಳು. ಆ ರಾತ್ರಿಯ ಊಟಕ್ಕೆ ಮುಂಚೆ ನಾನು ಸುಗುಣಳ ಅಲ್ಪವಿಶ್ವಾಸಕ್ಕಾಗಿಯೂ ಪ್ರಾರ್ಥಿಸಿದೆ. ಎಂಥಾ ಗಂಡಸು ಅಂತೀರಿ!

ಇನ್ನು ಅಳಿಯನನ್ನು ಆರಿಸಿದ ಬಗೆ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ಕುಣಿಗಲ್ಲಿನಿಂದ ಒಂದು ಸಂಬಂಧ ಬಂತು, ಹುಡುಗನಿಗೆ ಸರ್ಕಾರಿ ನೌಕರಿ, ಕೊತ್ತಗೆರೆ ಕಡೆ ಒಂದಿಷ್ಟು ಜಮೀನು. ಬೇರೆಯವರು ಜಾತಕ ನೋಡುತ್ತಾರೆ, ನಡತೆ ವಿಚಾರಿಸುತ್ತಾರೆ, ಆಫೀಸಿನಲ್ಲಿ ನಾಲ್ಕು ಜನರನ್ನು ಕೇಳುತ್ತಾರೆ. ನಾನು ಹೆಣ್ಣು ನೋಡುವ ಶಾಸ್ತ್ರದ ದಿನ ಅವನಿಗೆ, "ನೀವೇ ಒಂದು ಪ್ರಾರ್ಥನೆ ಮಾಡಿಬಿಡಿಯಪ್ಪಾ" ಎಂದೆ. ಎಲ್ಲಿಯೂ ತಡವರಿಸದೆ ಏಳು ನಿಮಿಷ ಮಾಡಿದ. ನನಗೆ ಅಷ್ಟು ಸಾಕಾಯಿತು.

ಮದುವೆಯಾದ ಮರುವರ್ಷ ನಾವು ಕುಣಿಗಲ್ಲಿಗೆ ಹೋದಾಗ ಅವಳ ಕೆಳತುಟಿ ಊದಿಕೊಂಡಿತ್ತು. ಬಚ್ಚಲಲ್ಲಿ ಜಾರಿದೆ ಎಂದಳು. ನಾನು ದಡ್ಡನಲ್ಲ, ಗಂಡ ಹೆಂಡತಿ ನಡುವೆ ಏನೋ ನಡೆದಿದೆ ಎಂದು ಗೊತ್ತಾಯಿತು. ಆದರೆ ಅವಳನ್ನು ಪಕ್ಕಕ್ಕೆ ಕರೆದು ಏನಮ್ಮಾ ಎಂದು ಕೇಳುವ ಅಭ್ಯಾಸವೇ ನನಗಿರಲಿಲ್ಲವಲ್ಲ. ಊಟಕ್ಕೆ ಕೂತಾಗ ಕಣ್ಣು ಮುಚ್ಚಿ, ನನ್ನ ಮಗಳಿಗೆ ತಾಳ್ಮೆಯನ್ನೂ ತನ್ನ ಗಂಡನಿಗೆ ತಗ್ಗಿ ನಡೆಯುವ ಮನಸ್ಸನ್ನೂ ಕೊಡು ಎಂದು ಬೇಡಿಕೊಂಡೆ. ಆವತ್ತು ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಅಂದವನು ಅಳಿಯ. ಆ ಆಮೆನ್ ಈಗಲೂ ನನ್ನ ಕಿವಿಯಲ್ಲಿದೆ.

ಅದಾಗಿ ಎಂಟು ತಿಂಗಳಿಗೆ ಅವರ ಪಕ್ಕದ ಮನೆಯ ನೂರ್‌ಜಾನಮ್ಮ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದೀವಿ, ಬೇಗ ಬನ್ನಿ ಎಂದರು. ನಾವು ಹೋಗುವಷ್ಟರಲ್ಲಿ ಐದು ತಿಂಗಳ ಬಸಿರು ಹೋಗಿತ್ತು. ಅಳಿಯ ಹೊಟ್ಟೆಗೆ ಒದ್ದಿದ್ದ. ವಾರ್ಡಿನ ಹೊರಗೆ ನೂರ್‌ಜಾನಮ್ಮ, ನನಗಿಂತ ಹತ್ತು ವರ್ಷ ದೊಡ್ಡವರು, ಬುರ್ಖಾದ ತುದಿಯಿಂದ ಕಣ್ಣೊರೆಸಿಕೊಂಡು ನನ್ನ ಮೇಲೆ ರೇಗಿದರು: "ಮದ್ವೆಯಾದಾಗಿಂದ ನನ್ನ ಅಡಿಗೆಮನೇಲಿ ಬಂದು ಕೂತ್ಕೊಂಡು ಅಳ್ತಾಳೆ ನಿಮ್ಮ ಮಗಳು. ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕ್ಸಿದ್ಲು. ನೀವು ಅಪ್ಪ ಅಲ್ವೇನ್ರೀ, ಒಂದ್ಸಲಾನೂ ಕೇಳ್ಲಿಲ್ವಾ?"

ಒಳಗೆ ಹೋದೆ. ಶೀಲಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಆಗಲೂ ನನ್ನ ಬಾಯಿಂದ ಹೊರಬಿದ್ದದ್ದು ಆಕ್ಷೇಪಣೆಯೇ. "ನನಗ್ಯಾಕೆ ಹೇಳಲಿಲ್ಲಮ್ಮಾ?"

"ಹೇಳಿದ್ರೆ ಪ್ರಾರ್ಥನೆ ಮಾಡ್ತಿದ್ರಿ ಅಪ್ಪಾ" ಎಂದಳು.

ಕೋಪವಿರಲಿಲ್ಲ, ವ್ಯಂಗ್ಯವಿರಲಿಲ್ಲ. ಹಾಲು ಮುಗಿದಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು. ಒಂದು ಮಗುವನ್ನು ದೇವರ ಬಳಿಗೆ ನಡೆಸಬೇಕಾದ ಅಪ್ಪ ಅವಳಿಗೆ ದೇವರನ್ನೂ ಅಪ್ಪನನ್ನೂ ಒಟ್ಟಿಗೇ ಇಲ್ಲದಂತೆ ಮಾಡಿದ್ದ. ಕಷ್ಟ ಬಂದಾಗ ಅವಳಿಗೆ ಉಳಿದದ್ದು ಪಕ್ಕದ ಮನೆಯ ಅಡಿಗೆಮನೆ. ನೂರ್‌ಜಾನಮ್ಮನಿಗೆ ಹೇಳಿದ್ದು ನೂರ್‌ಜಾನಮ್ಮನಲ್ಲೇ ಇರುತ್ತಿತ್ತು. ಸಾಯಂಕಾಲ ಕುಣಿಗಲ್ಲಿನ ಅಯ್ಯನವರು ಬಂದು, ತಂದೆಯಾದ ನೀವೇ ಪ್ರಾರ್ಥನೆ ಮಾಡಿ ಎಂದರು. "ನನ್ನ ಕೈಲಾಗಲ್ಲ ಅಯ್ಯನವರೇ, ನೀವೂ ಮನಸ್ಸಲ್ಲೇ ಮಾಡಿಕೊಳ್ಳಿ" ಎಂದೆ.

ಅವಳನ್ನು ಮನೆಗೆ ಕರೆತಂದೆವು. ಅಳಿಯನ ಕಡೆಯ ಹಿರಿಯರು ಎರಡು ಸಲ ಬಂದು, ಕ್ಷಮಿಸಿ ಕಳಿಸಿಕೊಡಿ, ಎಲ್ಲ ಸೇರಿ ಪ್ರಾರ್ಥನೆ ಮಾಡೋಣ ಎಂದರು. ಎರಡು ಸಲವೂ ಕಾಫಿ ಕೂಡ ಕೊಡದೆ ಕಳಿಸಿದೆ. ನನ್ನ ಜೀವಮಾನದಲ್ಲಿ ನಾನು ಮಾಡಿದ ಏಕೈಕ ಧರ್ಮಕಾರ್ಯ ಅದೇ ಇರಬೇಕು. ಊಟದ ಮುಂಚಿನ ಪ್ರಾರ್ಥನೆ ಈಗ ನಮ್ಮಲ್ಲಿ ಅರ್ಧ ನಿಮಿಷದ ಮೌನ. ಯಾರು ಏನು ಹೇಳಿಕೊಳ್ಳುತ್ತಾರೋ, ಏನೂ ಹೇಳಿಕೊಳ್ಳುವುದಿಲ್ಲವೋ, ನಾನು ಕೇಳುವುದಿಲ್ಲ.

ಸುಮಾರು ಒಂದು ವರ್ಷ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡಿದಳು. ಆಮೇಲೆ ಅವರೆಕಾಯಿ ಕಾಲದ ಒಂದು ಸಂಜೆ, ಜಗಲಿಯಲ್ಲಿ ಇಬ್ಬರೂ ಕಾಯಿ ಸುಲಿಯುತ್ತಿದ್ದಾಗ, ಕೇಳದೆಯೇ ಶುರುಮಾಡಿದಳು. ಬುಟ್ಟಿ ಖಾಲಿಯಾಗುವವರೆಗೂ ಹೇಳಿದಳು. ನಡುನಡುವೆ ನನ್ನ ನಾಲಿಗೆ ತುರಿಸಿತು, ಸಮಾಧಾನದ ವಾಕ್ಯಗಳು ಗಂಟಲವರೆಗೂ ಬಂದವು. ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಸುಮ್ಮನೆ ಕೂತೆ.

ಈ ಪ್ರಬಂಧವನ್ನು ಅಚ್ಚಿಗೆ ಕಳಿಸುವ ಮುಂಚೆ ಅವಳ ಕೈಗೆ ಕೊಟ್ಟೆ. ಆ ಸಂಜೆ ಅವಳು ಹೇಳಿದ್ದನ್ನು ಎಂಟು ಸಾಲುಗಳಲ್ಲಿ ಬರೆದಿದ್ದೆ. ಸುಳ್ಳೇಕೆ, ಚೆನ್ನಾಗಿಯೇ ಬರೆದಿದ್ದೆ, ಓದಿದವರು ಅಳುವ ಹಾಗೆ. ಅವಳು ಪೂರ್ತಿ ಓದಿ, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡು, ಆ ಎಂಟೂ ಸಾಲುಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು. "ಮಿಕ್ಕಿದ್ದು ಇರ್ಲಿ ಅಪ್ಪಾ, ಇನ್ಯಾರಾದ್ರೂ ಅಪ್ಪಂದಿರು ಓದ್ಲಿ. ಇದು ನಿಮಗೆ ಹೇಳಿದ್ದು" ಎಂದಳು. ಆದ್ದರಿಂದ ಓದುಗರೇ, ಆ ಮಾತುಗಳು ನಿಮಗೆ ಸಿಗುವುದಿಲ್ಲ. ದೇವರಿಗೆ ತಿಳಿಸಬೇಕೆಂದು ಅನಿಸಿದರೆ ಅವಳೇ ತಿಳಿಸಿಕೊಳ್ಳುತ್ತಾಳೆ, ನಾನಂತೂ ಹೇಳಿಲ್ಲ.