ಒಳಗಿನ ಕಂಪ್ಯೂಟರ್

ಬನಹಟ್ಟಿಯ ದಾನೇಶ್ವರಿ ಹದಿನೆಂಟು ವರ್ಷಗಳಿಂದ ಸೀರೆಯ ದಡಿ, ಸೆರಗುಗಳ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಬರೆದು, ಮಗ್ಗಕ್ಕೆ ಬೇಕಾದ ತೂತಿನ ಕಾರ್ಡುಗಳನ್ನು ಮಾಡಿಕೊಡುತ್ತಿದ್ದಳು. ಹೊಸ ಸೀರೆ ಅಂಗಡಿ ಸೇರುವ ತನಕ ಒಬ್ಬರ ಚಿತ್ರ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಊರಿನ ನೇಕಾರರ ಕಟ್ಟಳೆ ಅದು. ದಾನೇಶ್ವರಿ ಗಂಡನಿಗೂ ತೋರಿಸಿದವಳಲ್ಲ.

ಆಕೆಯ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಷ್ಟೇ ಓಡುವಂಥದ್ದು. ಹೊಸ ಕಂಪ್ಯೂಟರ್ ಕೊಂಡಾಗ ರಿಪೇರಿಯ ವೀರೇಶ ಅದರೊಳಗೇ ಇನ್ನೊಂದು ಹಳೆಯ ಕಂಪ್ಯೂಟರ್ ಇದ್ದಂತೆ ನಡೆಯುವ ವರ್ಚುವಲ್ ಮಷಿನ್ ಹಾಕಿಕೊಟ್ಟ.

"ಅಕ್ಕಾರ, ಒಳಗಿಂದಕ್ಕ ವೈರಸ್ ಬಂದ್ರೂ ಹೊರಗ ದಾಟಂಗಿಲ್ಲ. ಆದ್ರ ಈ ಮಷಿನ್ ಅಪ್‌ಡೇಟ್ ಕೇಳಿದಾಗ ಮಾಡ್ಕೋತ ಹೋಗ್ರಿ."

ಮೊದಲ ಮಾತು ನೆನಪಿನಲ್ಲುಳಿಯಿತು. ಅಪ್‌ಡೇಟ್ ಕೇಳಿದಾಗಲೆಲ್ಲ ಆಕೆ 'ಆಮೇಲೆ' ಎಂದು ಒತ್ತಿದಳು. ಕಾರ್ಡು ಹೊಡೆಯುವ ಯಂತ್ರದ ಜೋಡಣೆ ತಪ್ಪೀತೆಂಬ ಭಯ. ಬಂದವರ ಪೆನ್‌ಡ್ರೈವ್‌ಗಳನ್ನೆಲ್ಲ ಧೈರ್ಯವಾಗಿ ಒಳಗಿನ ಕಂಪ್ಯೂಟರಿನಲ್ಲಿ ತೆರೆದಳು. ಚಿತ್ರಗಳನ್ನು ಹೊರಗಿನದರಲ್ಲಿ ಜೋಪಾನವಾಗಿಟ್ಟಳು.

ಒಂದು ಮಧ್ಯಾಹ್ನ ಅದೇ ಊರಿನ ನೇಕಾರ್ತಿ ಶೇವಂತಿ ಬಂದು ಮೇಜಿನ ಮೇಲೆ ಸೀರೆಯೊಂದನ್ನು ಹರವಿದಳು. ಧಣಿಯ ಕೂಲಿ ನೇಯ್ಗೆ ಬಿಟ್ಟು ಸ್ವಂತ ಹೆಸರಿನಲ್ಲಿ ಆಕೆ ತರಲಿದ್ದ ಮೊದಲ ಸೀರೆಗೆಂದು ದಾನೇಶ್ವರಿ ಬರೆದುಕೊಟ್ಟ ದಡಿಯೇ ಅದರಲ್ಲಿತ್ತು. ಆಕೆಯ ಮಗ್ಗದಲ್ಲಿ ಅದಿನ್ನೂ ಗೇಣುದ್ದವೂ ಇಳಿದಿರಲಿಲ್ಲ.

"ಮಹಾಲಿಂಗಪುರದ ಅಂಗಡ್ಯಾಗ ಜೋತು ಬಿಟ್ಟಾರ. ಯಾರಿಗೆ ತೋರ್ಸಿದಿ, ದಾನಕ್ಕಾ?"

"ನಿನ್ನಾಣಿ, ಯಾರಿಗೂ ಇಲ್ಲ. ನಿಮ್ಮ ಮಗ್ಗದವರ ಯಾರರೆ..."

"ನನ್ನ ಮಗ್ಗಕ್ಕ ನಾನು, ನನ್ನ ಮಗಳು. ಮತ್ತ ಗಾಳಿ ಹೊತ್ಕೊಂಡು ಹೋತೇನು?"

ದಾನೇಶ್ವರಿ ಕನ್ನಡಕ ಸರಿಪಡಿಸಿಕೊಂಡು ನೋಡಿದಳು. ಸಾಲಿನ ಏಳನೆಯ ಕುಸುಬೆ ಹೂವಿಗೆ ಎಲೆಯೊಂದು ಕಡಿಮೆ. ಮೊದಲ ಪ್ರತಿಯಲ್ಲಿ ಆಕೆಯೇ ಮರೆತ ಎಲೆ. ಕಾರ್ಡು ಹೊಡೆಯುವ ಮುಂಚೆ ತಿದ್ದಿದ್ದಳು. ತಪ್ಪಿನ ಆ ಪ್ರತಿ ಆಕೆಯ ಕಂಪ್ಯೂಟರಿನ ಹೊರತು ಎಲ್ಲಿಯೂ ಇರಲಿಲ್ಲ. ತಪ್ಪನ್ನು ಬೇರೆಯವರ ಮೇಲೆ ಹಾಕಲು ಇನ್ನು ದಾರಿಯಿರಲಿಲ್ಲ.

ವೀರೇಶ ಬಂದು ಸಂಜೆಯವರೆಗೆ ತಪಾಸಣೆ ಮಾಡಿದ. ಯಾರದೋ ಪೆನ್‌ಡ್ರೈವಿನಲ್ಲಿ ಬಂದ ಕಳ್ಳ ಪ್ರೋಗ್ರಾಮು, ವರ್ಚುವಲ್ ಮಷಿನ್ನಿನ ದೋಷವೊಂದರ ಮೂಲಕ ಹೊರಗಿನ ಫೈಲುಗಳನ್ನು ಓದಿ ಇಂಟರ್‌ನೆಟ್ಟಿಗೆ ಸಾಗಿಸಿತ್ತು. "ಈ ತೂತು ಮುಚ್ಚೂ ಅಪ್‌ಡೇಟ್ ಬಂದು ಎರಡು ವರ್ಷ ಆತ್ರಿ," ಎಂದ, ತಲೆ ಎತ್ತದೆ.

ಮರುದಿನ ದಾನೇಶ್ವರಿ ಶೇವಂತಿಯ ಮನೆಗೆ ಹೋಗಿ ಏನನ್ನೂ ಮುಚ್ಚಿಡದೆ ಹೇಳಿದಳು.

"ನೀ ಮಾರ್ಕೊಂಡಿಲ್ಲ ಅನ್ನೂದು ಖರೆ," ಎಂದಳು ಶೇವಂತಿ. "ಆದ್ರ ಇದನ್ನ ಹೊಸಾದು ಅಂತ ಯಾರಿಗೆ ತೋರಸ್ಲಿ?"

ಆಕೆ ಮಗ್ಗದಿಂದ ಕಾರ್ಡಿನ ಸರವನ್ನು ಇಳಿಸಿ, ಧಣಿಯ ಕೂಲಿ ಸೀರೆಯ ಹಳೆಯ ಸರವನ್ನು ಮತ್ತೆ ಏರಿಸಲು ಎತ್ತಿಕೊಂಡಳು. ದಾನೇಶ್ವರಿ ಒಂದು ತುದಿ ಹಿಡಿಯಲು ಕೈ ಚಾಚಿದಳು.

"ಬ್ಯಾಡ ಬಿಡಕ್ಕಾ. ಮಗಳು ಹಿಡೀತಾಳ."