ಜನರಲ್ ಸಾಹೇಬರ ಬಾಗಿಲು

ಸತ್ತವರು ಮನೆಗೆ ಬಂದು ಮಾತಾಡಿ ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವನು. ಹುಣಸೂರಿನ ನಮ್ಮ ಬೀದಿಯಲ್ಲಿ ಇಂಥ ಮಾತು ಎದ್ದಾಗಲೆಲ್ಲ, "ನೀವು ಕಂಡಿರಾ, ಇಲ್ಲ ಕಂಡವರನ್ನು ಕಂಡಿರಾ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನನಗೆ ನಂಬಿಕೆ ಬಂದಿದೆ ಎಂದು ಧೈರ್ಯವಾಗಿ ಹೇಳಲಾರೆ. ಆದರೆ ನಗುವುದನ್ನು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ನಡೆದದ್ದನ್ನು ಇಷ್ಟು ದಿನ ಹೆಂಡತಿಗೂ ಹೇಳಿರಲಿಲ್ಲ. ಈಗ ಮತ್ತೊಂದು ಯುದ್ಧ ಶುರುವಾಗಿದೆ. ಸಂತೆಯ ದಿನ ಮೋಟಾರಿನಲ್ಲಿ ಬಂದು ಪಲ್ಟಣಕ್ಕೆ ಸೇರಿಸಿಕೊಳ್ಳಲು ರೈತರ ಮಕ್ಕಳ ಎದೆ ಅಳೆಯುವವರನ್ನು ಮೊನ್ನೆ ಕಂಡೆ. ಆಮೇಲೆ ಸುಮ್ಮನಿರಲು ಆಗಲಿಲ್ಲ.

ಹಿಂದಿನ ಯುದ್ಧದಲ್ಲಿ ನಾನು ಗುಮಾಸ್ತನಾಗಿ ಬಸ್ರಾ ಕಡೆಗೆ ಹೋಗಿದ್ದೆ. ಇಂಗ್ಲಿಷ್ ಟೈಪು ಬರುತ್ತಿತ್ತು, ಅದೊಂದೇ ಕಾರಣ. ಬಂದೂಕು ಮುಟ್ಟಿದವನಲ್ಲ. ಕೆಲಸ ದೊಡ್ಡ ಜನರಲ್ ಸಾಹೇಬರ ಕಚೇರಿಯಲ್ಲಿ. ಕಚೇರಿ ಎಂದರೆ ನದಿಯ ದಡಕ್ಕೆ ಕಟ್ಟಿದ್ದ ಒಂದು ಸ್ಟೀಮರು. ಅಲ್ಲಿ ಎಲ್ಲರ ಮೇಲೆ ಜನರಲ್, ಅವರ ಕೆಳಗೆ ಸಣ್ಣ ಜನರಲ್‌ಗಳು, ಆಮೇಲೆ ಕರ್ನಲ್, ಮೇಜರ್, ಕ್ಯಾಪ್ಟನ್, ಸುಬೇದಾರ, ಜಮಾದಾರ, ಎಲ್ಲರಿಗಿಂತ ಕೆಳಗೆ ಹೇಸರಗತ್ತೆ ಹೊಡೆಯುವವನು. ಹುಕುಂ ಒಬ್ಬೊಬ್ಬರ ಕೈ ಮುಟ್ಟಿ ಇಳಿಯಬೇಕು, ನಡುವಿನ ಒಬ್ಬರನ್ನೂ ದಾಟುವಂತಿಲ್ಲ. ಕೆಳಗಿನವನ ಕೂಗು ಮೇಲಕ್ಕೆ ಹತ್ತಿದ್ದನ್ನು ಮಾತ್ರ ನಾನು ಇದ್ದಷ್ಟು ದಿನ ನೋಡಲಿಲ್ಲ.

ಹೇಸರಗತ್ತೆ ಹೊಡೆಯುವವರಲ್ಲಿ ಜವರ ಎಂಬವನೊಬ್ಬನಿದ್ದ. ಪಿರಿಯಾಪಟ್ಟಣ ತಾಲ್ಲೂಕಿನವನು, ಹಾರನಹಳ್ಳಿಯ ಆಚೆಗೆ ಅವನ ಊರು. ಹಡಗಿನಲ್ಲಿ ನನ್ನ ಬಾಯಲ್ಲಿ ಕನ್ನಡ ಕೇಳಿ ಓಡಿ ಬಂದಿದ್ದ. ಲೇಖನಿ ಹಿಡಿದವರೆಲ್ಲ ಅವನ ಲೆಕ್ಕದಲ್ಲಿ ಮೇಷ್ಟ್ರು. ತಿಂಗಳಿಗೊಮ್ಮೆ ಸ್ಟೀಮರಿನ ಹತ್ತಿರ ಬಂದು, "ಅವ್ವಂಗೆ ಒಂದ್ ಕಾಗ್ದ ಬರ್ಕೊಡಿ ಮೇಷ್ಟ್ರೇ. ಚೆಂದಾಗಿವ್ನಿ ಅಂತ ಬರೀರಿ, ಅಷ್ಟೇ ಸಾಕು" ಎನ್ನುತ್ತಿದ್ದ. ನಾನು ಬರೆಯುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಜನರಲ್ ಸಾಹೇಬರ ಹುಕುಂ ಹೊರಟಿತು. ಸಾಯಂಕಾಲ ಹೇಸರಗತ್ತೆಗಳ ಮೇಲೆ ಮದ್ದುಗುಂಡು ಹೇರಿಕೊಂಡು ಎದುರಿನ ಏರಿಗೆ ಹೋಗಬೇಕು, ಅಲ್ಲಿ ನಮ್ಮ ಪಲ್ಟಣ ಕಾಯುತ್ತಿರುತ್ತದೆ ಎಂದು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು, ಪಲ್ಟಣ ಹಿಂದೆ ಸರಿದಿದೆ, ಏರಿ ಶತ್ರುಗಳ ಕೈಗೆ ಹೋಗಿದೆ. ಮೇಜರ್ ಸಾಹೇಬ ಹುಕುಂ ರದ್ದು ಮಾಡುವ ಕಾಗದವನ್ನು ನನ್ನಿಂದ ಟೈಪು ಮಾಡಿಸಿದ. "ಜನರಲ್ ರುಜು ಬೇಕು, ಹಾಕಿಸು" ಎಂದು ಹೇಳಿ ಕುದುರೆ ಹತ್ತಿ ಎಲ್ಲಿಗೋ ಹೋದ. ಜನರಲ್‌ರ ಹೆಸರಿನಲ್ಲಿ ಹೊರಟದ್ದನ್ನು ಜನರಲ್‌ರ ರುಜು ಇಲ್ಲದೆ ಯಾರೂ ತಡೆಯುವಂತಿರಲಿಲ್ಲ.

ಜನರಲ್ ಊಟ ಮುಗಿಸಿ ಸ್ಟೀಮರಿನ ತಮ್ಮ ಕೋಣೆಯಲ್ಲಿ ಮಲಗಿದ್ದರು. ಎಬ್ಬಿಸಕೂಡದೆಂದು ಕಟ್ಟಪ್ಪಣೆ. ಹಿಂದಿನ ವಾರ ಎಬ್ಬಿಸಿದ ಒಬ್ಬ ಗುಮಾಸ್ತನನ್ನು ಎಲ್ಲರೆದುರು ನಾಯಿಯನ್ನು ಬಯ್ದಂತೆ ಬಯ್ದಿದ್ದರು. ಬಾಗಿಲ ಜವಾನ ನೀರಿಗೆ ಹೋಗಿದ್ದ. ನಾನು ಕಾಗದ ಹಿಡಿದು ಬಾಗಿಲ ಮುಂದೆ ಒಬ್ಬನೇ ನಿಂತೆ. ಸುತ್ತ ಒಂದು ನರಪ್ರಾಣಿಯೂ ಇರಲಿಲ್ಲ. ಸಾಹೇಬರು ತಾವಾಗಿ ಎದ್ದು, ಚಹ ಕುಡಿದು, ರುಜು ಹಾಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಾಗದ ಒಬ್ಬೊಬ್ಬರ ಕೈ ದಾಟಿ ಕೆಳಗೆ ಹೋಗುವಷ್ಟರಲ್ಲಿ ಹೇಸರಗತ್ತೆಗಳ ಸಾಲು ಹೊರಟಾಗಿತ್ತು. ಹೋದವರಲ್ಲಿ ಒಬ್ಬನೂ ಬರಲಿಲ್ಲ.

ಆಮೇಲೆ ವಿಚಾರಣೆ ನಡೆಯಿತು. ಮೇಜರ್ ನನ್ನನ್ನು ಪಕ್ಕಕ್ಕೆ ಕರೆದು ಏನು ಹೇಳಬೇಕೆಂದು ಹೇಳಿಕೊಟ್ಟ. ರುಜು ಮಧ್ಯಾಹ್ನವೇ ಆಯಿತು ಎಂದು ನಾನು ಹೇಳಿದೆ. ಹೇಸರಗತ್ತೆಯವರು ಹುಕುಂ ಮೀರಿ ಮುಂದೆ ಹೋದರು ಎಂದು ತೀರ್ಮಾನವಾಯಿತು. ಸತ್ತವರು ಎದ್ದು ಬಂದು ಅಲ್ಲವೆನ್ನುವುದುಂಟೆ? ಆ ತೀರ್ಮಾನವನ್ನು ಟೈಪು ಮಾಡಿದವನೂ ನಾನೇ. ಜನರಲ್ ಇನ್ನೂ ದೊಡ್ಡ ಪದವಿಗೆ ಹೋದರು. ನನಗೆ ಒಳ್ಳೆಯ ಸರ್ಟಿಫಿಕೇಟು ಸಿಕ್ಕಿತು. ಅದರ ಬಲದಿಂದಲೇ ಊರಿಗೆ ಬಂದಮೇಲೆ ಪಿರಿಯಾಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಕೆಲಸವಾಯಿತು.

ಎರಡು ವರ್ಷ ಕಳೆದಿರಬಹುದು. ಸತ್ತ ಸಿಪಾಯಿಗಳ ಕಾಗದಗಳು ತಾಲ್ಲೂಕಿಗೆ ಬಂದವು. ವಾರಸುದಾರರಿಗೆ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಕಾಗಿತ್ತು. ಮೇಲಿನಿಂದ ಎರಡನೆಯ ಕಾಗದವೇ ಜವರನದು. "ಹುಕುಂ ಮೀರಿ ಮುಂದೆ ಹೋಗಿ ಮೃತನಾದವನು." ನನ್ನ ಇಂಗ್ಲಿಷನ್ನು ಯಾರೋ ಕನ್ನಡಕ್ಕೆ ಇಳಿಸಿದ್ದರು. ಬೇರೆಯವರನ್ನು ಕಳಿಸಿ ಎಂದು ಕೇಳಬಹುದಿತ್ತು. ಕಾರಣ ಏನು ಹೇಳಲಿ?

ಹಾರನಹಳ್ಳಿಯಿಂದ ಶ್ಯಾನುಭೋಗರು ಜೊತೆಗೆ ಬಂದರು. ನಾವು ಆ ಮನೆ ಮುಟ್ಟಿದಾಗ ಮಟಮಟ ಮಧ್ಯಾಹ್ನ. ಜವರನ ತಾಯಿ ಚಿಕ್ಕತಾಯಮ್ಮ ಅಂಗಳದಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಸಣ್ಣ ಹೆಂಗಸು, ತಲೆ ಪೂರಾ ನೆರೆತಿತ್ತು. ನಾನು ದಾರಿಯುದ್ದಕ್ಕೂ ಒಂದು ಸುಳ್ಳನ್ನು ಹೊಂದಿಸಿಕೊಂಡು ಬಂದಿದ್ದೆ. ಕಾಗದ ಓದಿದ ಮೇಲೆ ಅದನ್ನು ಹೇಳಿದೆ.

"ನಾನೂ ಅಲ್ಲೇ ಇದ್ದೆ ತಾಯಿ. ಯುದ್ಧದ ಗೊಂದಲ. ಬೇಡ ಅನ್ನೋ ಕಾಗದ ಹೋಗಿತ್ತು, ಇವರಿಗೆ ತಿಳೀಲಿಲ್ಲ ಅಂತ ಕಾಣುತ್ತೆ. ಯಾರ ತಪ್ಪೂ ಅಲ್ಲ."

ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು. "ನೀವೇ ಅಲ್ವಾ ಮೇಷ್ಟ್ರು?" ಎಂದಳು. ಜವರನ ಕಾಗದದಲ್ಲಿ ನನ್ನ ವಿಷಯ ಬಂದಿತ್ತೇನೋ ಎಂದುಕೊಂಡು ಹೌದೆಂದೆ.

"ಬಾಗ್ಲ ತಾವ ನಿಂತಿದ್ರಂತಲ್ಲ."

"ಯಾವ ಬಾಗಿಲು?"

"ನೀರ ಮ್ಯಾಲಿನ ಮನೆ ಬಾಗ್ಲು. ಒಳಗೆ ದೊರೆ ಮಲಗಿದ್ನಂತೆ. ನಿಮ್ ಕೈಲಿ ಕಾಗ್ದ ಇತ್ತಂತೆ. ತಟ್ಟಕ್ಕೆ ಅಂತ ಎರಡು ಕಿತ ಕೈ ಎತ್ತುದ್ರಂತೆ. ಎರಡು ಕಿತಾನೂ ಇಳಿಸ್ಬುಟ್ರಂತೆ. ಆಮ್ಯಾಕೆ ಬಿಸ್ಲು ಚುರುಗುಟ್ತು ಅಂತ ನೆಳ್ಳಿಗೆ ಸರ್ಕಂಡು ನಿಂತ್ಕಂಡ್ರಂತೆ."

ಓದುವವರು ನಂಬಬೇಕು. ಒಂದಕ್ಷರ ಕೂಡಿಸಿಲ್ಲ. ಎರಡು ಸಲ ಕೈ ಎತ್ತಿದ್ದು ನಿಜ. ನೆರಳಿಗೆ ಸರಿದದ್ದು ನನಗೇ ಮರೆತುಹೋಗಿತ್ತು. ಅವಳು ಹೇಳಿದ ಮೇಲೆ ಸ್ಟೀಮರಿನ ಕಬ್ಬಿಣದ ಹಲಗೆ ಅಂಗಾಲು ಸುಟ್ಟದ್ದು ನೆನಪಾಯಿತು. ವಿಚಾರಣೆಯಲ್ಲಿ ಕೂಡ ಇದನ್ನು ಯಾರೂ ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. "ಯಾರು ಹೇಳಿದರು?" ಎಂದು ಕೇಳಿದೆ.

"ಜವರ ಏಳ್ದ. ಇನ್ಯಾರು ಏಳ್ತಾರೆ? ದೀಪ ಅಚ್ಚೋ ಒತ್ತಿಗೆ ಬಂದ. ಅಗೋ, ಆ ಜಗಲಿ ಮ್ಯಾಲೆ ಕುಂತಿದ್ದ. ನೀರು ಕೊಟ್ಟೆ, ಕುಡೀನಿಲ್ಲ. ಇಷ್ಟು ಏಳ್ಬುಟ್ಟು ಎದ್ದೋದ."

ಶ್ಯಾನುಭೋಗರು ತಲೆ ಆಡಿಸಿದರು. ಅವಳೇ ಕೇಳಿದಳು: "ಎಬ್ಬುಸಿದ್ರೆ ಆ ದೊರೆ ನಿಮ್ಮನ್ನ ಕೊಂದಾಕ್ತಿದ್ನಾ?"

"ಇಲ್ಲ."

"ಒಡೀತಿದ್ನಾ?"

"ಇಲ್ಲ. ಬಯ್ಯುತ್ತಿದ್ದರು."

"ಬೈಗುಳಕ್ಕೆ" ಎಂದಳು. ಅಳಲಿಲ್ಲ. ಮೊರ ಎತ್ತಿಕೊಂಡು ಕೇರತೊಡಗಿದಳು. ಶ್ಯಾನುಭೋಗರು ಮಸಿ ತೆಗೆದು ಹೆಬ್ಬೆಟ್ಟು ಕೇಳಿದಾಗ, "ನನ್ ಮಗ ಮಾತು ಮೀರ್ದೋನಲ್ಲ. ಮೀರ್ದ ಅಂತ ಬರ್ದಿರೋದ್ಕೆ ನಾನು ಒತ್ತಾಕಿಲ್ಲ, ಓಗಿ" ಎಂದಳು.

ಹಿಂದಿರುಗುವಾಗ ಗಾಡಿಯಲ್ಲಿ ಶ್ಯಾನುಭೋಗರು, "ಬೇಜಾರು ಮಾಡ್ಕೋಬೇಡಿ, ಮಗ ಸತ್ತ ಸಂಕಟ" ಎಂದರು. ಸ್ವಲ್ಪ ದೂರ ಬಂದಮೇಲೆ ತಾವಾಗಿ ಹೇಳಿದರು: "ಆದರೂ ಒಂದು ವಿಚಿತ್ರ ಕಣ್ರೀ. ಸರ್ಕಾರದಿಂದ ಸುದ್ದಿ ಬರೋಕೆ ಎಷ್ಟೋ ದಿನ ಮೊದಲೇ ಈಕೆ ಮಗನ ತಿಥಿ ಮಾಡಿಬಿಟ್ಟಿದ್ದಳು. ಬದುಕಿರೋ ಮಗನಿಗೆ ಹಾಲುತುಪ್ಪ ಬಿಡ್ತೀಯಾ ಅಂತ ಊರೆಲ್ಲ ಉಗಿದಿತ್ತು."

ಆ ವಾರವೇ ನಾನು ರುಜು ತಡವಾದದ್ದನ್ನೂ ವಿಚಾರಣೆಯಲ್ಲಿ ಸುಳ್ಳು ಹೇಳಿದ್ದನ್ನೂ ಬರೆದು ಅಮಲ್ದಾರರ ಮುಂದಿಟ್ಟೆ. ಅವರು ಎರಡು ಸಲ ಓದಿದರು. "ಇದನ್ನ ಕಳಿಸಲೇಬೇಕೇನ್ರೀ? ಸುಖವಾಗಿದ್ದೀರಿ" ಎಂದರು. ಕಳಿಸಬೇಕು ಎಂದೆ. ಅರ್ಜಿ ಒಬ್ಬೊಬ್ಬರ ಕೈ ಮುಟ್ಟಿ ಮೇಲಕ್ಕೆ ಹೋಯಿತು. ವರ್ಷದ ಮೇಲೆ ಒಂದು ಸಾಲಿನ ಉತ್ತರ ಬಂತು, ಆ ವಿಚಾರ ಮುಗಿದಿದೆ ಎಂದು. ಅದರ ಹಿಂದೆಯೇ ನನಗೆ ಹೆಗ್ಗಡದೇವನಕೋಟೆಗೆ ವರ್ಗವಾಯಿತು. ಆ ಕಾಲದಲ್ಲಿ ಕೋಟೆಗೆ ವರ್ಗವೆಂದರೆ ಏನೆಂದು ಹಳೆಯ ನೌಕರರಿಗೆ ಗೊತ್ತು. ಮೂರು ವರ್ಷ ಚಳಿಜ್ವರದಲ್ಲಿ ನಡುಗಿ ಬಂದೆ. ಅಷ್ಟರಲ್ಲಿ ಚಿಕ್ಕತಾಯಮ್ಮ ತೀರಿಹೋಗಿದ್ದಳು. ಹೆಬ್ಬೆಟ್ಟು ಒತ್ತಲೇ ಇಲ್ಲವಂತೆ.

ಈ ಸಂಗತಿಯನ್ನು ನಾನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿದ್ದೇನೆ. ಅಲ್ಲಿಂದ ಬಂದ ಯಾರಾದರೂ ಅವಳಿಗೆ ಹೇಳಿರಬಹುದೇ ಎಂದರೆ, ನನ್ನನ್ನು ಆ ಬಾಗಿಲಲ್ಲಿ ಕಂಡವರೇ ಇರಲಿಲ್ಲ. ನಾನೇ ಜ್ವರದಲ್ಲಿ ಕನವರಿಸಿರಬಹುದೇ ಎಂದರೆ, ಜ್ವರ ಬಂದದ್ದು ಆಮೇಲೆ. ಕೊನೆಗೆ ಸೋತು, ಸತ್ತವರು ಬರುತ್ತಾರೆ, ಜವರ ಬಂದು ತಾಯಿಗೆ ಹೇಳಿದ ಎಂದು ಒಪ್ಪಿಕೊಳ್ಳಲೂ ನೋಡಿದೆ. ಆಗಲೂ ಬಗೆಹರಿಯುವುದಿಲ್ಲ. ನಾನು ಕೈ ಎತ್ತಿ ಇಳಿಸಿದ್ದು ಮಧ್ಯಾಹ್ನ. ಜವರ ಸತ್ತದ್ದು ಹೊತ್ತು ಮುಳುಗುವಾಗ. ನಾನು ನೆರಳಿಗೆ ಸರಿದು ನಿಂತ ಗಳಿಗೆಯಲ್ಲಿ ಅವನು ನಾಲ್ಕು ಮೈಲಿ ದೂರದಲ್ಲಿ, ಜೀವಂತವಾಗಿ, ಹೇಸರಗತ್ತೆಗಳಿಗೆ ನೀರು ಕುಡಿಸುತ್ತಿದ್ದ. ಹಾಗಾದರೆ ಆಗ ನನ್ನನ್ನು ನೋಡುತ್ತಿದ್ದವರು ಯಾರು?