ಬೆಡ್ ನಂಬರ್ ಏಳರ ಪ್ರಶ್ನೆಪತ್ರಿಕೆ

ಬೆಳಗಿನ ಆರೂವರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ ಫಿನಾಯಿಲ್ ವಾಸನೆ ಇನ್ನೂ ಆರಿಲ್ಲ. ಕಿಟಕಿ ಪಕ್ಕದ ಏಳನೇ ಮಂಚದ ಮೇಲೆ ಉಚ್ಚೆಂಗೆಪ್ಪ ಅಂಗಿ ಬಿಚ್ಚಿ ಮಡಿಸಿಟ್ಟು, ಕಣ್ಣು ಮುಚ್ಚಿ ಏನನ್ನೋ ಪಠಿಸುತ್ತಿದ್ದಾರೆ. ಕಿವಿಗೊಟ್ಟರೆ ಅದು ಮಂತ್ರವಲ್ಲ. "ಹತ್ತು ವರ್ಷದಾಂವ ಇದ್ದಾಗ ಜ್ವರ ಬಂತ್ರಿ, ಕೀಲು ಬಾತಿದ್ವು. ಎರಡು ಮಾಳಿಗಿ ಹತ್ತಿದ್ರ ದಮ್ಮು ಬರ್ತೈತ್ರಿ. ಅಂಗಾತ ಮಲಗಿದ್ರ ಏನೂ ತ್ರಾಸಿಲ್ರಿ."

ಬಾಗಿಲಲ್ಲಿ ನಿಂತ ಆಯಾ ತಾಯಕ್ಕ ಹಾಜರಿ ಕರೆಯುತ್ತಾರೆ. ಯಾರ ಹೆಸರನ್ನೂ ಹಿಡಿಯುವುದಿಲ್ಲ.

"ಸಂಡೂರಿನ ಲಂಗ್ಸು ಬಂತಾ? ಹಂಪಿ ಕಿಡ್ನಿ? ಕುರೆಕುಪ್ಪದ ಲಿವರು ಎಲ್ಲಿ ಹೋತು, ಚಾ ಕುಡ್ಯಾಕೇನು? ಕಂಪ್ಲಿ ವಾಲ್ವು?"

"ಅದೀನಿ ಬೇ," ಎನ್ನುತ್ತದೆ ಏಳನೇ ಮಂಚದ ವಾಲ್ವು.

ಇವತ್ತು ಎಂಬಿಬಿಎಸ್ ಕೊನೆಯ ವರ್ಷದವರ ಪ್ರಾಯೋಗಿಕ ಪರೀಕ್ಷೆ. ಡಾಕ್ಟರಾಗಲು ಹೊರಟವರ ಮುಂದೆ ಕಾಗದವಲ್ಲ, ಮನುಷ್ಯರನ್ನೇ ಇಡುತ್ತಾರೆ. ಮುಕ್ಕಾಲು ಗಂಟೆಯಲ್ಲಿ ಮಾತಾಡಿಸಿ, ಮುಟ್ಟಿ, ಬೆರಳಿಂದ ಕುಟ್ಟಿ, ಆಲಿಸಿ, ಒಳಗಿನ ರೋಗ ಯಾವುದೆಂದು ಪರೀಕ್ಷಕರಿಗೆ ಹೇಳಬೇಕು. ಇದಕ್ಕೆ ಹೊಸ ರೋಗಿಗಳು ಒದಗುವುದಿಲ್ಲ. ರೋಗ ಎದ್ದು ಕಾಣಬೇಕು, ಆದರೆ ಹದಗೆಟ್ಟಿರಬಾರದು. ಫೋನ್ ಮಾಡಿದರೆ ಬರಬೇಕು. ಅಂಥ ಹಳಬರ ಪಟ್ಟಿಯಲ್ಲಿ ಐವತ್ತೆರಡರ ಉಚ್ಚೆಂಗೆಪ್ಪನವರದು ಹನ್ನೊಂದು ವರ್ಷದ ಸೇವೆ.

ಅವರ ಹೃದಯದ ಎಡಗಡೆಯ ಕವಾಟ ಸರಿಯಾಗಿ ಮುಚ್ಚುವುದಿಲ್ಲ. ಮುಂದೆ ಹೋಗಬೇಕಾದ ರಕ್ತ ಪ್ರತಿ ಬಡಿತಕ್ಕೂ ಒಂದಿಷ್ಟು ಹಿಂದಕ್ಕೆ ನುಗ್ಗುತ್ತದೆ. ಬೇರೆಯವರ ಎದೆ ಲಬ್-ಡಬ್ ಎಂದರೆ ಇವರದು ಲಶ್ಶ್ಶ್-ಡಬ್ ಎನ್ನುತ್ತದೆ. ನಾಲ್ಕು ದಿನದ ಪರೀಕ್ಷೆ ವರ್ಷಕ್ಕೆ ಎರಡು ಸಲ, ದಿನಕ್ಕೆ ನಾಲ್ಕು ವಿದ್ಯಾರ್ಥಿಗಳು. ಲೆಕ್ಕ ಹಾಕಿದರೆ ಮುನ್ನೂರೈವತ್ತು ಜನ ಈ ಶ್ಶ್ಶ್ ಕೇಳಿಯೇ ಡಾಕ್ಟರಾಗಿದ್ದಾರೆ, ಅಥವಾ ಕೇಳಿಸದೆ ಮತ್ತೆ ಬಂದಿದ್ದಾರೆ.

ಪರೀಕ್ಷಕರು ಬರುವ ಮುನ್ನ ಕಾಲು ಹಿಡಿಯುವವರೂ ಉಂಟು. ಉಚ್ಚೆಂಗೆಪ್ಪ ದನಿ ಸಣ್ಣಗೆ ಮಾಡಿ ಅವರನ್ನು ಅಣಕಿಸುತ್ತಾರೆ: "'ಅಂಕಲ್, ಪ್ಲೀಸ್ ಅಂಕಲ್, ಯಾವ ವಾಲ್ವು ಅಂತ ಒಂದು ಕಣ್ಣು ಹೊಡೀರಿ ಸಾಕು.' ನಾ ಎರಡೂ ಕಣ್ಣು ಮುಚ್ಚಿಬಿಡ್ತೀನ್ರಿ. ಕೇಳಿದ್ದಕ್ಕ ಜವಾಬು ಕೊಡೋದು, ಕೇಳ್ದಿದ್ದಕ್ಕ ಸುಮ್ಮನಿರೋದು. ನಾಳೆ ಅವ್ರು ಕಣ್ಣು ಹೊಡಿಯೋ ಪೇಶಂಟನ್ನ ಎಲ್ಲಿ ಹುಡುಕ್ಯಾರು?" ಕವಾಟ ಸೋರುತ್ತದೆ, ಪ್ರಶ್ನೆಪತ್ರಿಕೆ ಮಾತ್ರ ಒಮ್ಮೆಯೂ ಸೋರಿಲ್ಲ.

ಉಳಿದ ದಿನಗಳಲ್ಲಿ ಅವರು ಕಂಪ್ಲಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಚೀಲದ ಬಾಯಿ ಹೊಲಿಯುತ್ತಾರೆ. ಭಾರ ಎತ್ತುವಂತಿಲ್ಲವಾದ್ದರಿಂದ ಕೂತು ಮಾಡುವ ಕೆಲಸ. ಯಂತ್ರದ ಸದ್ದಿನಲ್ಲಿ ಯಾರೂ ಮಾತಾಡುವುದಿಲ್ಲ, ಮನೆಗೆ ಹೋದರೆ ಮಾತಾಡಲು ಯಾರೂ ಇಲ್ಲ. "ಇಲ್ಲಿ ಬಂದ್ರ ಕೇಳ್ತಾರ್ರಿ. ನಿದ್ದಿ ಬರ್ತದಾ, ಊಟ ಸೇರ್ತದಾ, ಎಷ್ಟು ದಿಂಬು ಇಟ್ಕೊಂತೀರಿ, ಕುಡ್ಯಾ ನೀರು ಎಲ್ಲೀದು, ಮನಿಮುಂದ ನೀರು ನಿಲ್ತದಾ. ವರ್ಷದಾಗ ಎಂಟು ದಿನ ನನ್ನ ಕಡಿ ನೋಡ್ಕೋತ ಬರ್ಕೊಂತಾರ."

ಹೀಗೆ ಬರೆದುಕೊಂಡ ಕೊನೆಯವರು ಹೊಸಪೇಟೆಯ ಗಾಯತ್ರಿ. ಪರೀಕ್ಷೆ ನಡೆಯುವಾಗ ಹೊರಗಿನವರಿಗೆ ಪ್ರವೇಶವಿಲ್ಲ. ಒಳಗೆ ನಡೆದದ್ದನ್ನು ಆಮೇಲೆ ಜಗಲಿಯಲ್ಲಿ ಕೂತು ಉಚ್ಚೆಂಗೆಪ್ಪನವರೇ ಎಲ್ಲರ ದನಿಯಲ್ಲೂ ಆಡಿ ತೋರಿಸಿದರು. ಗಾಯತ್ರಿ ಎಲ್ಲರಂತೆ ಕೇಳಿದರು, ಇವರು ಎಂದಿನಂತೆ ಒಪ್ಪಿಸಿದರು. ಆಮೇಲೆ ಆಕೆ ಕಾಲ ಬುಡಕ್ಕೆ ಬಂದರು.

"ಮಾಮಾ, ಇದು ಮಾರ್ಚು. ಇಂಥ ಬಿಸಿಲಾಗ ಕಾಲಚೀಲ ಯಾಕ?"

"ಥಂಡಿ ಆಕ್ಕತ್ರಿ."

"ತೆಗೀರಿ."

"ಬ್ಯಾಡ್ರಿ, ಹೊಲಸದಾವು."

ಆಕೆ ತಾವೇ ತೆಗೆದರು. ಕಾಲು ಬಾತಿದ್ದವು. ಹೆಬ್ಬೆರಳಿಂದ ಒತ್ತಿ ಬಿಟ್ಟರೆ ಗುಳಿ ಹಾಗೇ ಉಳಿಯಿತು. ನಾಡಿ ಹಿಡಿದರೆ ಅದು ತಾಳ ತಪ್ಪಿ ಓಡುತ್ತಿತ್ತು. ಬೆಳಿಗ್ಗೆ ಪರೀಕ್ಷಕರು ನೋಡಿದಾಗ ನಾಡಿ ಸರಿಯಾಗೇ ಇತ್ತು; ಅವರ ಕೈಯ ಹಾಳೆಯಲ್ಲಿ ಬರೆದದ್ದೂ ಅದನ್ನೇ. ಆದರೂ ಗಾಯತ್ರಿ ತಾವು ಕಂಡದ್ದನ್ನೇ ಹೇಳಿದರು. ಹಿರಿಯ ಪರೀಕ್ಷಕರು ಎದ್ದು ಬಂದು ಮತ್ತೆ ನಾಡಿ ಹಿಡಿದರು, ಎದೆ ಆಲಿಸಿದರು, ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. "ಯಜಮಾನ್ರೇ, ಅಂಗಾತ ಮಲಗಿದರೆ ತೊಂದರೆ ಇಲ್ಲ ಅಂದಿರಲ್ಲ. ಖರೆ ಹೇಳಿ, ಎಷ್ಟು ದಿನ ಆಯಿತು ಕೂತು ನಿದ್ದೆ ಮಾಡಲು ಶುರುಮಾಡಿ?"

ಕೇಳಿದ್ದಕ್ಕೆ ಜವಾಬು ಕೊಡಬೇಕು. "ಆರು ತಿಂಗ್ಳ ಆತ್ರಿ," ಎಂದರು ಉಚ್ಚೆಂಗೆಪ್ಪ.

ಫಲಿತಾಂಶ ಇನ್ನೂ ಬಂದಿಲ್ಲದ ಗಾಯತ್ರಿ ಇಷ್ಟೇ ಹೇಳುತ್ತಾರೆ: "ಬಾಯಿ ಒಂದು ಹೇಳಾಕತ್ತಿತ್ತು, ಕಾಲು ಒಂದು ಹೇಳಾಕತ್ತಿತ್ತು. ನಾ ಕಾಲಿನ ಮಾತು ಕೇಳಿದೆ."

ಮುಚ್ಚಿಟ್ಟದ್ದಕ್ಕೆ ಕಾರಣ ಎರಡು. ರೋಗ ಹದಗೆಟ್ಟವರನ್ನು ಪರೀಕ್ಷೆಗೆ ಕರೆಯುವುದಿಲ್ಲ, ಆಪರೇಷನ್‌ಗೆ ಕಳಿಸುತ್ತಾರೆ. ಆ ಎಂಟು ದಿನವೂ ಹೋಗುತ್ತದೆ. ಇನ್ನೊಂದು ಕಾರಣ ಒಂದು ಅರ್ಜಿ. ಹದಗೆಡುವ ಮುನ್ನ ಕವಾಟ ಬದಲಿಸಬೇಕೆಂದು ನಾಲ್ಕು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು, ಸರ್ಕಾರಿ ಕಾರ್ಡಿನಲ್ಲಿ ಎಲ್ಲ ಉಚಿತ. ಆದರೆ ಅರ್ಜಿಯಲ್ಲಿ, ಹತ್ತು ದಿನ ಆಸ್ಪತ್ರೆಯಲ್ಲಿ ಜೊತೆಗಿರುವವರ ಹೆಸರು, ಸಂಬಂಧ, ಸಹಿ ಬೇಕು. ಹೆಂಡತಿ ಎರ್ರೆಮ್ಮ ಹೆಬ್ಬೆಟ್ಟು ಒತ್ತಲು ತಯಾರಿದ್ದರು. ಅರ್ಜಿ ಕೊಡುವ ಮುನ್ನ ಜ್ವರ ಬಂದು ಆಕೆಯೇ ಹೋಗಿಬಿಟ್ಟರು. ಮಕ್ಕಳಿಲ್ಲ.

"ಹುಡುಗ್ರು ಕೇಳ್ತಾರಲ್ರಿ, ಮನ್ಯಾಗ ಎಷ್ಟು ಮಂದಿ ಅಂತ. ನಾ ಇವತ್ತಿಗೂ ಇಬ್ರು ಅಂತೀನಿ. ಅಡಿಗಿ ಯಾರು ಮಾಡ್ತಾರ ಅಂದ್ರ ಹೆಂಡ್ತಿ ಅಂತೀನಿ. ಉಪ್ಪು ಕಮ್ಮಿ ಹಾಕಾಕ ಹೇಳ್ರಿ ಅಂತಾರ. ಹೂನ್ರಿ, ಹೇಳ್ತೀನಿ ಅಂತೀನಿ." ಆಮೇಲೆ ಸೇರಿಸುತ್ತಾರೆ: "ಆ ಹುಡುಗ್ರ ಹಾಳ್ಯಾಗ ಒಂದ ಕಡೆ ಆಕಿ ಇನ್ನೂ ಅದಾಳಂತ ಬಿಟ್ಟಿದ್ದೆ."

ಪರೀಕ್ಷೆ ಮುಗಿದು ಎಂಟು ದಿನ ಕಳೆದಿವೆ. ಸೋಮವಾರ ಆಪರೇಷನ್‌ಗಾಗಿ ದೊಡ್ಡಾಸ್ಪತ್ರೆಗೆ ಸೇರಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ಮತ್ತೆ ಮುಂದಕ್ಕೆ. ಇನ್ನು ಮುಂದೂಡಿದರೆ ಹೃದಯ ತಾಳುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ್ದಾರೆ. ಮಿಲ್ಲಿನಲ್ಲಿ ಮಧ್ಯಾಹ್ನ ಕರೆಂಟು ಹೋಗಿ ಯಂತ್ರ ನಿಂತಿದೆ. ಉಚ್ಚೆಂಗೆಪ್ಪ ದಬ್ಬಳಕ್ಕೆ ದಾರ ಪೋಣಿಸುತ್ತ, ಎದುರಿಗೆ ಚೀಲ ಹೊರುವ ಹಮಾಲಿ ಗುಡ್ಡಪ್ಪನನ್ನು ನೋಡುತ್ತಾರೆ. ಇಬ್ಬರೂ ಇಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದಾರೆ.

"ಗುಡ್ಡಪ್ಪಾ, ಸೋಮವಾರ ಕೆಲ್ಸ ಐತೇನು?"

"ಐತಿ. ಯಾಕ?"

"ಸುಮ್ನ."

ಇನ್ನೊಂದು ಚೀಲದ ಬಾಯಿ ಮುಚ್ಚುತ್ತದೆ. ಆಮೇಲೆ, ತಲೆ ಎತ್ತದೆ: "ಹತ್ತು ದಿನ ದವಾಖಾನ್ಯಾಗ ನನ್ ಕೂಡ ಇರ್ತಿಯೇನು? ಎದಿ ಕೊಯ್ತಾರಂತ."

ಗುಡ್ಡಪ್ಪ ಬೆನ್ನ ಮೇಲಿನ ಚೀಲ ಇಳಿಸುತ್ತಾರೆ. "ಯಾವಾಗಿಂದ ನಡದೈತಿ ಇದು?"

"ನಾಕು ವರ್ಷ."

"ನಾಕು ವರ್ಷ ಬಾಯಾಗ ಏನಿಟ್ಕೊಂಡಿದ್ದಿಲೇ, ದಬ್ಬಳಾ?"

"ನೀ ಕೇಳ್ಲಿಲ್ಲ."

"ನಾ ಏನ್ ಡಾಕ್ಟ್ರೇನ್ಲೇ ಕೇಳಾಕ? ಹೇಳಬೇಕಪ್ಪ!" ಗುಡ್ಡಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾರೆ. "ಅಲ್ಲಿ ಊಟಕ್ಕ ಉಪ್ಪು ಹಾಕ್ತಾರೇನು?"

"ನಂಗ ಹಾಕಂಗಿಲ್ಲ. ನಿಂಗ ಹಾಕ್ತಾರ."

"ಹಂಗಾದ್ರ ಬರ್ತೀನಿ."

ಉಚ್ಚೆಂಗೆಪ್ಪ ಜೇಬಿನಿಂದ ಅರ್ಜಿ ತೆಗೆದು ಚೀಲದ ಮೇಲೆ ಹಾಸುತ್ತಾರೆ. ಹೆಸರಿನ ಖಾನೆಯಲ್ಲಿ ಗುಡ್ಡಪ್ಪ ಎಂದು ನಿಧಾನಕ್ಕೆ ಬರೆಯುತ್ತಾರೆ. ಮುಂದಿನ ಖಾನೆಗೆ ಬಂದು ಪೆನ್ನು ನಿಲ್ಲುತ್ತದೆ.

"ಸಂಬಂಧ ಅಂತ ಕೇಳ್ಯಾರ. ಏನ್ ಬರೀಲಿ?"

ಕರೆಂಟು ಬಂದು ಯಂತ್ರ ಗುಡುಗತೊಡಗಿದೆ. ಗುಡ್ಡಪ್ಪ ಚೀಲವನ್ನು ಮತ್ತೆ ಬೆನ್ನಿಗೇರಿಸಿ, ಸದ್ದಿನ ಮೇಲೆ ಕೂಗಿ ಹೇಳುತ್ತಾರೆ: "ಒಂದ ಮಿಲ್ಲಿನವ್ರು ಅಂತ ಬರಿ!"

ಉಚ್ಚೆಂಗೆಪ್ಪ ಹಾಗೇ ಬರೆಯುತ್ತಾರೆ. ಶಾಯಿ ಆರುವವರೆಗೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ.

"ಹತ್ತೊಂಬತ್ತು ವರ್ಷ ಇಷ್ಟು ಸಣ್ಣ ಖಾನ್ಯಾಗ ಹಿಡೀತು ನೋಡ್ರಿ," ಎನ್ನುತ್ತಾರೆ.